ಒಲೆಯ ವಿಳಾಸ

ನಮೂನೆ ಏಳು. ಮೂರನೆಯ ಕಲಂ: ವಿಳಾಸ.
ಬೀದಿ, ಅಡ್ಡರಸ್ತೆ, ಮನೆ ನಂಬರು.
ಅದು ಖಾಲಿಯಿದ್ದರೆ ಅಕ್ಕಿಯಿಲ್ಲ, ಎಣ್ಣೆಯಿಲ್ಲ,
ಡಬ್ಬಿಯ ಮೀನೂ ಇಲ್ಲ.
ನಿಯಮ ಮಾಡಿದವರು ಯಾರೋ ಗೊತ್ತಿಲ್ಲ,
ಟೈಪು ಮಾಡಿದವಳು ನಾನೇ.

ಲಿಮಾದ ಆಕಾಶ ಜೂನಿನಲ್ಲಿ
ಹಿಂಡದೆ ಹರವಿದ ನೆಲ ಒರೆಸುವ ಬಟ್ಟೆ.
ಸುರಿಯುವುದಿಲ್ಲ, ಒಣಗುವುದೂ ಇಲ್ಲ.
ಆ ಜಿಗುಟು ಮಂಜಿನಲ್ಲಿ ಬುಡದಿಂದ ಎಣಿಸುತ್ತ ಹತ್ತಿದೆ.
ನೂರ ಎಂಬತ್ತಕ್ಕೆ ಸಿಮೆಂಟು ಮುಗಿಯಿತು;
ಯಾವುದೋ ಚುನಾವಣೆಯೂ ಅಲ್ಲಿಗೇ ಮುಗಿದಿರಬೇಕು.
ಆಮೇಲೆ ಹಳೇ ಟೈರು, ಮರಳು ಮೂಟೆ, ಬರೀ ಗುಡ್ಡ.
ಇನ್ನೂರ ಹದಿನಾಲ್ಕಕ್ಕೆ ಹೊಗೆ,
ಹೊಗೆಯ ಹಿಂದೆ ಅಗ್ರಿಪಿನಾ ಸುಲ್ಕಾ.

"ಮುನಿಸಿಪಾಲಿಟಿಯವಳಾ? ಕೂತ್ಕೋ.
ಮೊದಲು ಉಣ್ಣು, ಆಮೇಲೆ ಬರಕೋ."

ಕೊಪ್ಪರಿಗೆ ನೂರು ಲೀಟರಿನದು.
ತಳಕ್ಕೆ ಎರಡು ಬೆಸುಗೆ,
ಒಂದು ಕಿವಿಯ ಜಾಗದಲ್ಲಿ ಬಗ್ಗಿಸಿದ ಕಬ್ಬಿಣದ ಸರಳು.
ಒಳಗೆ ಆಲೂಗಡ್ಡೆ, ಕುಂಬಳ, ಕೋಳಿಯ ಪಾದಗಳು,
ಸಗಟು ಮಾರುಕಟ್ಟೆ ಬಾಗಿಲೆಳೆವ ಹೊತ್ತಿಗೆ ಬೇಡಿ ತಂದ ಸೊಪ್ಪು.
ನೀರು ಲಾರಿಯದು, ಡ್ರಮ್ಮಿಗಿಷ್ಟು ಅಂತ;
ಕೆಳಗೆ, ನಲ್ಲಿಯಿರುವವರಿಗೆ, ಅದೇ ನೀರು ಅಗ್ಗ.
ದಿನಕ್ಕೆ ನೂರ ಮೂವತ್ತೆರಡು ತಟ್ಟೆ.
ಲೆಕ್ಕಕ್ಕೆ ಒಂದು ಶಾಲೆಯ ನೋಟುಬುಕ್ಕು:
ದುಡ್ಡು ಕೊಟ್ಟವರ ಹೆಸರ ಮುಂದೆ ಒಂದು ಗೀಟು,
ಕೊಡಲಾಗದವರ ಮುಂದೆ ಒಂದು ಗೀಟು.
"ಎರಡೂ ಒಂದೇ ಥರ ಇದೆಯಲ್ಲ?"
"ಹೌದು," ಅಂದಳು.

ವಿಳಾಸ ಕೇಳಿದೆ.
ಸೌಟು ಎತ್ತಿ ಸುತ್ತಲೂ ತೋರಿಸಿದಳು.
ಬರೆದುಕೊಂಡೆ: ನೀಲಿ ತೊಟ್ಟಿಯ ಕೆಳಗೆ,
ಇನ್ನೂರ ಹದಿನಾಲ್ಕನೆಯ ಮೆಟ್ಟಿಲು,
ಕುಂಟು ನಾಯಿಯ ಎಡಕ್ಕೆ.

ಸೋಮವಾರ ಅರ್ಬುಲು ಸಾಹೇಬರ ಕೆಂಪು ಶಾಯಿ:
ನಾಯಿ ಕಾಯಂ ಇರುತ್ತದೆಯೆ?

ಕೆಟ್ಟವರಲ್ಲ. ಮೂವತ್ತು ವರ್ಷ
ಲೆಕ್ಕಪರಿಶೋಧಕರಿಗೆ ಹೆದರಿ ಹೆದರಿ ಬೆನ್ನು ಬಾಗಿದೆ.
ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಬುತ್ತಿ ಬಿಚ್ಚುತ್ತಾರೆ.
ಕೊನೆಗೆ ಅವರೇ ಧೂಳು ಕೊಡವಿ ತೆಗೆದುಕೊಟ್ಟರು
ಸರ್ವೆ ಇಲಾಖೆಯ ಒಂದು ಹಳೇ ಸುತ್ತೋಲೆ:
ಬೀದಿಯಿಲ್ಲದ ಕಡೆಯೂ ಸಂಖ್ಯೆ ಕೊಡಬಹುದು,
ಅಲುಗಾಡದ ರಚನೆಗೆ,
ಉದಾಹರಣೆಗೆ: ಪ್ರತಿಮೆ, ಟ್ರಾನ್ಸ್‌ಫಾರ್ಮರು, ಮೂತ್ರಿ.

ಕೊಪ್ಪರಿಗೆ ಅಲುಗಾಡುತ್ತದೆ.
ಒಲೆ?
ಮೂರು ಕಲ್ಲು ಅಷ್ಟೆ. ಭಾನುವಾರ
ಅರ್ಧ ಮೂಟೆ ಸಿಮೆಂಟು ಸುರಿದು ಅಲುಗಾಡದ ಹಾಗೆ ಮಾಡಿದರು.
ಉದ್ದ ಅಗಲ ಎತ್ತರ ಅಳೆದೆ. ಟೇಪಿನ ತುದಿ ಹಿಡಿದ ಹುಡುಗ
ಸೆಂಟಿಮೀಟರುಗಳನ್ನು ಜಾತ್ರೆಯ ಹರಾಜಿನಂತೆ ಕೂಗಿದ.
ಗುಡ್ಡ ಎಂಟು, ಸಂಖ್ಯೆ ಒಂದು.

ಅಕ್ಕಿ ಬರಲು ಮತ್ತೂ ಐದು ತಿಂಗಳು.
ಬಂತು. ಕೇಳಿದ್ದರಲ್ಲಿ ಅರ್ಧ.

ತಪಾಸಣೆಗೆಂದು ಹೋದರೆ
ತಗಡಿನ ಗೋಡೆಯ ಮೊಳೆಯಲ್ಲಿ ಕಾಗದಗಳ ಗೊಂಚಲು.
ಆಸ್ಪತ್ರೆಯದು, ಬ್ಯಾಂಕಿನದು, ಕೋರ್ಟಿನ ಸಮನ್ಸು,
ನರ್ಸಿಂಗ್ ಸೀಟು ಸಿಕ್ಕಿತೆಂದು ಯಾರ ಮಗಳಿಗೋ.
ಇಡೀ ಗುಡ್ಡ ತನ್ನ ವಿಳಾಸವೆಂದು ಒಲೆಯನ್ನೇ ಕೊಟ್ಟಿದೆ.
ದಾಖಲೆಯ ಪ್ರಕಾರ ಈಗ
ಎಂಬತ್ತು ಸೆಂಟಿಮೀಟರು ಅಗಲದ ಬೆಂಕಿಯಲ್ಲಿ
ನೂರಾರು ಜನರ ವಾಸ.
ಅಗ್ರಿಪಿನಾ ತಟ್ಟೆಯ ಜೊತೆ ಹೆಸರು ಕೂಗಿ ಹಂಚುತ್ತಾಳೆ,
ಎಲ್ಲ ಲಕೋಟೆಗಳಿಗೂ ಸಾರಿನ ಹೆಬ್ಬೆಟ್ಟು.

ಯಾರೂ ಒಯ್ಯದ ಒಂದು ಲಕೋಟೆ ಮೂರು ವಾರದಿಂದ ಅಲ್ಲೇ.
ನಮ್ಮ ಕಚೇರಿಯ ಮೊಹರು. ಒಡೆದೆ.
ಮಾನ್ಯರೇ, ಈ ವಿಳಾಸದಲ್ಲಿ ತಾವು ವಾಸವಿರುವುದನ್ನು
ಹದಿನೈದು ದಿನದೊಳಗೆ ಖಚಿತಪಡಿಸತಕ್ಕದ್ದು.
ಕೆಳಗೆ ನನ್ನದೇ ಸಹಿ.

"ಇವತ್ತು ಸೌದೆ ಬಹಳ ಒದ್ದೆ,"
ಅಂದಳು ಅಗ್ರಿಪಿನಾ,
ನನ್ನ ಕೈಯ ಕಡೆ ನೋಡುತ್ತ.